ಬೈರಕೂರು ಹೋಬಳಿಯ ಇಪ್ಪತ್ತೊಂಬತ್ತನೆಯ ಹೆಸರು

1988ರ ಮೇ 16, ಸೋಮವಾರ. ಬೆಳಿಗ್ಗೆ ಹತ್ತೂಕಾಲಿಗೆ ಮುಳಬಾಗಿಲು ಠಾಣೆಯ ಮೆಟ್ಟಿಲು ಹತ್ತಿ ಬಂದವರು ನಿವೃತ್ತ ವಿಜ್ಞಾನ ಮೇಡಂ ವೆಂಕಟರತ್ನಮ್ಮ. ಅರ್ಧ ಊರಿಗೆ ಪಾಠ ಹೇಳಿದವರು. ಪಹರೆಯಲ್ಲಿದ್ದ ಕಾನ್‌ಸ್ಟೇಬಲ್ ಕದಿರೇಶ ಅವರನ್ನು ಕಂಡೊಡನೆ ಹಳೆಯ ಅಭ್ಯಾಸಕ್ಕೆ ಕೈಕಟ್ಟಿ ನಿಂತ.

ಸಬ್ ಇನ್ಸ್‌ಪೆಕ್ಟರ್ ಕೋದಂಡರಾಮಪ್ಪ ಕುರ್ಚಿ ಎಳೆದು ಕೂರಿಸಿದ. ಕಾನ್‌ಸ್ಟೇಬಲ್ ಆಗಿ ಸೇರಿ, ಇಪ್ಪತ್ತಾರು ವರ್ಷ ಸವೆದು ಈ ಮೇಜಿಗೆ ಬಂದವನು ಅವನು. ಯಾರನ್ನೂ ಒಂದೇ ಸಲಕ್ಕೆ ನಂಬುವ ಜಾಯಮಾನವಲ್ಲ. ದೇವರೇ ಬಂದು ದೂರು ಕೊಟ್ಟರೂ ಅಪ್ಪನ ಹೆಸರು, ವಿಳಾಸ ಕೇಳುವ ಪೈಕಿ.

"ಏನು ಕಳುವಾಗಿದೆ ಮೇಡಂ?"

"ಏನೂ ಕಳುವಾಗಿಲ್ಲ. ಒಂದು ಊರನ್ನ ಯಾರೋ ಬೇರೆ ಕಡೆ ಎತ್ತಿಟ್ಟಿದಾರೆ."

ಮೇಡಮ್ಮನವರು ಬಿಡಿಸಿ ಹೇಳಿದ್ದು ಇಷ್ಟು. ಅವರೂ ಅವರ ವಿಜ್ಞಾನ ಸಂಘದವರೂ ಎರಡು ವರ್ಷ ಊರೂರು ಸುತ್ತಿ ಕೈಪಂಪುಗಳ ನೀರು ಪರೀಕ್ಷೆ ಮಾಡಿದ್ದರು. ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಅದು ಕುಡಿಯುವ ನೀರಲ್ಲ. ಹಲ್ಲು ಕಂದು ತಿರುಗುತ್ತದೆ, ಬೆಳೆಯುವ ಮಕ್ಕಳ ಕಾಲಿನ ಮೂಳೆ ಬಾಗುತ್ತದೆ. ಅಂಥ ಪಂಪಿಗೆ ಕೆಂಪು ಬಣ್ಣ, ಒಳ್ಳೆಯದಕ್ಕೆ ನೀಲಿ ಬಣ್ಣ ಎಂದು ತಾಲ್ಲೂಕು ಕಚೇರಿ ಒಪ್ಪಿಕೊಂಡಿತ್ತು. ಕೆಂಪು ಪಂಪಿನ ಊರುಗಳಿಗೆ ಬೇರೆ ಕಡೆಯಿಂದ ಕೊಳವೆಯಲ್ಲಿ ನೀರು ತರುವ ಯೋಜನೆಯೂ ಇತ್ತು. ಆ ಊರುಗಳ ಪಟ್ಟಿ ಮೇ 31ಕ್ಕೆ ಕೋಲಾರಕ್ಕೆ ಹೋಗಬೇಕು.

ಪರೀಕ್ಷೆಯ ವಿವರವನ್ನೆಲ್ಲ ಮೇಡಂ ತಮ್ಮ ಮನೆಯ ಕಂಪ್ಯೂಟರಿನಲ್ಲಿ ಇಟ್ಟಿದ್ದರು. ಹೋಬಳಿಗೊಂದು ಫ್ಲಾಪಿ, ಊರಿಗೊಂದು ಫೈಲು. ಒಂದೊಂದು ಫ್ಲಾಪಿಯಲ್ಲೂ ಎರಡು ಡೈರೆಕ್ಟರಿ. ಆ ಯಂತ್ರದಲ್ಲಿ ಡೈರೆಕ್ಟರಿಗೆ ಒಂದೇ ಅಕ್ಷರದ ಹೆಸರು: ಕೆಂಪಿನ ಊರುಗಳೆಲ್ಲ R, ನೀಲಿಯವೆಲ್ಲ B. ಮೊನ್ನೆ ಶನಿವಾರ ಬೈರಕೂರು ಹೋಬಳಿಯ ನಾಗಲಕುಂಟೆಗೆ ಹೋದರೆ, ಐದು ಪಾಯಿಂಟ್ ಎರಡು ಫ್ಲೋರೈಡ್ ಇರುವ ಪಂಪಿಗೆ ನೀಲಿ ಬಣ್ಣ ಬಳಿದಿದೆ! ಜನ ನಿಶ್ಚಿಂತೆಯಾಗಿ ಕೊಡ ತುಂಬಿಸುತ್ತಿದ್ದಾರೆ. ಮುನಿಗಂಗಮ್ಮ ಎಂಬಾಕೆಯ ನಾಲ್ಕು ವರ್ಷದ ಮಗುವಿಗೆ ಆಗಲೇ ಮಂಡಿ ಒಳಕ್ಕೆ ವಾಲಿದೆ.

"ತಾಲ್ಲೂಕು ಕಚೇರಿಗೆ ಹೇಳಿದ್ರಾ?"

"ಪಟ್ಟಿ ಮೇಲೆ ನನ್ನದೇ ಸಹಿ ಇದೆ. ಇನ್ನೂರು ಹಾಳೆಗೆ ಒಟ್ಟಿಗೆ ಸಹಿ ಹಾಕ್ದೆ, ನೋಡಲಿಲ್ಲ. ಈಗ ಬದಲಾಯಿಸಬೇಕಾದ್ರೆ ಹೇಗೆ ತಪ್ಪಾಯ್ತು ಅಂತ ಪೊಲೀಸ್ ವರದಿ ತನ್ನಿ ಅಂತಾರೆ."

ಇದಕ್ಕೆ ಯಾವ ಸೆಕ್ಷನ್ ಹಾಕುವುದು? ಬಾಗಿಲು ಒಡೆದಿಲ್ಲ, ಒಂದು ಚಮಚವೂ ಹೋಗಿಲ್ಲ. ಕೋದಂಡರಾಮಪ್ಪ ಕಾನೂನಿನ ಪುಸ್ತಕ ತಿರುವಿ ತಿರುವಿ, ಕೊನೆಗೆ ಸುಳ್ಳು ದಾಖಲೆಗೆ 465, ಜನರ ಸುರಕ್ಷತೆಗೆ ಅಪಾಯ ತಂದದ್ದಕ್ಕೆ 336 ಎಂದು ಬರೆಸಿದ. ಎಫ್‌ಐಆರ್ ನಂಬರ್ 41/88, ಸಮಯ ಹನ್ನೊಂದು ನಲವತ್ತು. ಹದಿನೈದು ದಿನ ಕೈಯಲ್ಲಿತ್ತು.

ಮಧ್ಯಾಹ್ನ ಎರಡೂವರೆಗೆ ಮೇಡಮ್ಮನವರ ಮನೆಯಲ್ಲಿ ಪಂಚನಾಮೆ. ನಡುಮನೆಯ ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಇತ್ತು. ಟೈಪ್‌ರೈಟರಿಗಿಂತ ಸ್ವಲ್ಪ ಅಗಲದ ಕೀಬೋರ್ಡು, ಅದಕ್ಕೆ ಕಟ್ಟಿದ ಕಪ್ಪುಬಿಳುಪು ಟೀವಿ, ಫ್ಲಾಪಿ ತೂರಿಸುವ ಡಬ್ಬಿ, ಕಸೂತಿ ಬಟ್ಟೆ ಹೊದ್ದ ಪ್ರಿಂಟರ್. ಕೋಣೆಯ ಬೀಗದ ಕೈ ಬಾಗಿಲ ಮೇಲಿನ ಹಲಗೆಯಲ್ಲೇ ಇರುತ್ತಿತ್ತು. ಅದು ಗೊತ್ತಿದ್ದವರು ಮೇಡಮ್ಮನವರನ್ನು ಬಿಟ್ಟು ಮೂವರು. ಟೈಪಿಂಗ್ ಶಾಲೆಯಿಂದ ಬಂದು ಅಂಕಿ ತುಂಬಿಸಿ, ಪಟ್ಟಿ ಅಚ್ಚು ಹಾಕಿಕೊಟ್ಟ ಭಾರತಮ್ಮ. ನಂಗಲಿಯ ಬೋರ್‌ವೆಲ್ ಗುತ್ತಿಗೆದಾರ ಆಂಜಿನಪ್ಪ. ತಾನು ಕೊರೆದ ಬಾವಿಗೆ ಕೆಂಪು ಬಳಿದರೆ ತನ್ನ ಹೆಸರು ಕೆಡುತ್ತದೆಂದು ಎರಡು ಸಲ ಇದೇ ಕೋಣೆಯಲ್ಲಿ ಜಗಳವಾಡಿ ಹೋಗಿದ್ದ. ಮೂರನೆಯವನು ಅಶ್ವತ್ಥಪ್ಪ, ಶ್ರೀನಿವಾಸಪುರ ತಾಲ್ಲೂಕು ಕಚೇರಿಯಲ್ಲಿ ರೆಕಾರ್ಡ್ ಕೀಪರ್ ಆಗಿದ್ದು ನಿವೃತ್ತನಾದವನು. ಪ್ರತಿ ಮಂಗಳವಾರ ಬಂದು ಕಾಗದ ಜೋಡಿಸಿ, ಫೈಲುಗಳನ್ನು ಸರಿಯಾದ ಡೈರೆಕ್ಟರಿಗೆ ಹಾಕಿ ಹೋಗುತ್ತಿದ್ದ. ಸಂಬಳವಿಲ್ಲ, ಕಾಫಿಯಷ್ಟೇ.

"ಈ ಅಶ್ವತ್ಥಪ್ಪನ ಊರು?"

"ನಾಗಲಕುಂಟೆನೇ. ಪಾಪ, ಅವರಿಗೆ ಗೊತ್ತಾದ್ರೆ ಎಷ್ಟು ನೊಂದ್ಕೋತಾರೋ."

ಕೋದಂಡರಾಮಪ್ಪ ಬರೆದುಕೊಂಡ. ತನ್ನ ಊರಿನ ನೀರಿಗೆ ತಾನೇ ಕುತ್ತು ತರುವವನು ಯಾರು ಎಂದು ಆ ಹೆಸರನ್ನು ಪಟ್ಟಿಯ ಕೊನೆಗೆ ಹಾಕಿದ.

ಮೇಡಂ ಫ್ಲಾಪಿ ತೂರಿಸಿ ಏನೋ ಒತ್ತಿದರು. ಟೀವಿಯ ಮೇಲೆ ಹೆಸರುಗಳ ಸಾಲು ಬಂತು. ಕದಿರೇಶ ಬೆರಳಿಟ್ಟು ಎಣಿಸಿದ, ಮತ್ತೊಮ್ಮೆ ಎಣಿಸಿದ. ಹೋಬಳಿಯಲ್ಲಿ ಪರೀಕ್ಷೆಯಾದ ಊರು ಇಪ್ಪತ್ತೆಂಟು. ಹೆಸರು ಇಪ್ಪತ್ತೊಂಬತ್ತು.

ನಾಗಲಕುಂಟೆ ಎರಡು ಕಡೆ ಇತ್ತು, R ಅಲ್ಲೂ B ಅಲ್ಲೂ. B ಒಳಗಿನದನ್ನು ತೆರೆದರೆ ಅಸಲಿ ವಿವರ, 5.2 ಎಂಬ ಅಂಕಿ ಸಮೇತ, ಒಂದಕ್ಷರ ತಿದ್ದಿರಲಿಲ್ಲ. R ಒಳಗಿನದನ್ನು ತೆರೆದರೆ ಒಂದೇ ಸಾಲು, ಇಂಗ್ಲಿಷ್ ಅಕ್ಷರದಲ್ಲಿ: B KATTU 22-3-88.

"ಈ ತಾರೀಖು ಮಿಷನ್ ತಾನಾಗಿ ಹಾಕ್ಕೊಳ್ಳುತ್ತಾ?"

"ಇದಕ್ಕೆ ಗಡಿಯಾರವೇ ಇಲ್ಲ. ಯಾರೋ ಬರೆದದ್ದು."

ಕೋದಂಡರಾಮಪ್ಪನಿಗೆ ತಲೆ ತುರಿಸಿಕೊಳ್ಳುವಂತಾಯಿತು. ಯಾವ ಕಳ್ಳ ತಾನು ಬಂದ ತಾರೀಖು ಬರೆದಿಟ್ಟು ಹೋಗುತ್ತಾನೆ? ಅವನ ಮೊದಲ ಅನುಮಾನ ಮೇಡಮ್ಮನವರ ಮೇಲೆಯೇ ಹೋಯಿತು. ಸಹಿ ಹಾಕಿ ಕೆಟ್ಟವರು, ತಪ್ಪು ಮುಚ್ಚಿಕೊಳ್ಳಲು ಕಳ್ಳನನ್ನು ಹುಟ್ಟಿಸಿರಬಹುದು. ಮಾರ್ಚ್ 22 ಮಂಗಳವಾರ ಎಲ್ಲಿದ್ದಿರಿ ಎಂದು ಕೇಳಿಯೇಬಿಟ್ಟ. ಅವರು ಬೇಸರಿಸಿಕೊಳ್ಳದೆ ಕೋಲಾರದ ಔಷಧಿ ಅಂಗಡಿಯ ಚೀಟಿ ತಂದು ತೋರಿಸಿದರು. ಅವತ್ತು ಪರೀಕ್ಷೆಯ ಸಾಮಾನಿಗೆ ಹೋದವರು ಬಂದದ್ದು ಸಂಜೆ. ಮನೆಯಲ್ಲಿ ಯಾರಿದ್ದರು ಎಂಬುದು ಅವರಿಗೆ ನೆನಪಿರಲಿಲ್ಲ.

ಮೇ 17, ಬೆಳಿಗ್ಗೆ ಹನ್ನೊಂದಕ್ಕೆ ಭಾರತಮ್ಮನ ವಿಚಾರಣೆ. ಇಪ್ಪತ್ತಾರರ ಹೆಣ್ಣುಮಗಳು, ಚುರುಕು, ಪೊಲೀಸರೆಂದು ನಡುಗಲಿಲ್ಲ.

"ಪಟ್ಟಿ ಅಚ್ಚು ಹಾಕಿದ್ದು ಯಾರು?"

"ನಾನೇ. ಮಾರ್ಚ್ ಇಪ್ಪತ್ತೇಳು, ಭಾನುವಾರ."

"ನಾಗಲಕುಂಟೆ ನೀಲಿ ಕಡೆ ಬಂದಿದ್ದು ಕಾಣಲಿಲ್ವಾ?"

"ಮಿಷನ್ ಏನು ಕೊಡುತ್ತೋ ಅದು ಬರುತ್ತೆ ಸಾರ್. ಕೆಂಪು ಕಡೆ ಒಂದು ಹಾಳೆ ಬರೀ ಒಂದು ಸಾಲು ಬಿದ್ದು ಬಂತು. ಪ್ರಿಂಟರ್ ಕೆಟ್ಟಿದೆ ಅಂದ್ಕೊಂಡು ತೆಗೆದುಹಾಕ್ದೆ."

"ಒಂದು ಫೈಲು ಆ ಕಡೆಯಿಂದ ಈ ಕಡೆಗೆ ಹಾಕೋಕೆ ಎಷ್ಟು ಹೊತ್ತು?"

"ಅರ್ಧ ನಿಮಿಷ. ಹೆಸರಿನ ಮುಂದಿನ ಅಕ್ಷರ ಬದಲಾಯಿಸಿದ್ರೆ ಆಯ್ತು."

ಅವಳು ಹೋದ ಮೇಲೂ ಅನುಮಾನ ಪೂರ್ತಿ ಹೋಗಲಿಲ್ಲ. ಅಷ್ಟು ಸಲೀಸಾಗಿ ಉತ್ತರ ಕೊಡುವವರನ್ನು ಕಂಡರೆ ಕೋದಂಡರಾಮಪ್ಪನಿಗೆ ಯಾವಾಗಲೂ ಕಸಿವಿಸಿ. ಆದರೆ ಅವಳ ಟೈಪಿಂಗ್ ಶಾಲೆಯ ಹಾಜರಿ ಪುಸ್ತಕ ತರಿಸಿದರೆ, 22ನೇ ತಾರೀಖು ಬೆಳಿಗ್ಗೆಯಿಂದ ಸಂಜೆವರೆಗೆ ಅವಳು ಟೈಪಿಂಗ್ ಪರೀಕ್ಷೆಯ ಮೇಲ್ವಿಚಾರಣೆಯಲ್ಲಿದ್ದಳು.

ಮರುದಿನ ಆಂಜಿನಪ್ಪನನ್ನು ಕರೆಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಕೂತೊಡನೆಯೇ ತಾನು ಆ ಡಬ್ಬಿಯನ್ನು ಮುಟ್ಟೇ ಇಲ್ಲವೆಂದು ಶುರುಮಾಡಿದ. ಯಾವ ಡಬ್ಬಿ ಎಂದು ಯಾರೂ ಕೇಳಿರಲಿಲ್ಲ. ಕದಿರೇಶನಿಗೆ ಇವನೇ ಎಂದು ಖಾತ್ರಿಯಾಯಿತು. ಆದರೆ 22ರಂದು ಎಲ್ಲಿದ್ದೆ ಎಂದಾಗ ಆಂಜಿನಪ್ಪ ನಗುತ್ತ, "ನಿಮ್ಮ ಠಾಣೇಲೇ ಸಾರ್" ಎಂದ. ಡೈರಿ ತೆಗೆದು ನೋಡಿದರೆ ನಿಜ. ನಂಗಲಿ ರಸ್ತೆಯಲ್ಲಿ ಅವನ ಕೊರೆಯುವ ಲಾರಿ ಒಂದು ಎತ್ತಿನ ಗಾಡಿಗೆ ತಾಗಿ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಇದೇ ಬೆಂಚಿನ ಮೇಲೆ ಕೂತಿದ್ದ. ಬರೆದುಕೊಂಡವನು ಕದಿರೇಶನೇ.

"ಅಲ್ಲಯ್ಯಾ, ನೀನೇ ಬರ್ಕೊಂಡು ನೀನೇ ಮರೆತ್ಯಾ?" ಎಂದು ಕೋದಂಡರಾಮಪ್ಪ ಅವನಿಗೆ ಚುಚ್ಚಿದ. ಆಂಜಿನಪ್ಪನಾಗಿದ್ದರೆ ಇಷ್ಟು ನಾಜೂಕಾಗಿ ಮಾಡುತ್ತಲೂ ಇರಲಿಲ್ಲ. ಫ್ಲಾಪಿಯನ್ನೇ ಎತ್ತಿ ಕೆರೆಗೆ ಎಸೆಯುತ್ತಿದ್ದ.

ಅಶ್ವತ್ಥಪ್ಪ ಮೇ 19ರಂದು ಕರೆಯದೆಯೇ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ತನ್ನಿಂದ ತನಿಖೆಗೆ ಏನಾದರೂ ಸಹಾಯ ಬೇಕೇ ಎಂದು ಕೇಳಿದ. ಮಾರ್ಚ್ 22ರಂದು ತಾನು ಎಂದಿನಂತೆ ಬಂದಿದ್ದೆ, ಮಧ್ಯಾಹ್ನದ ಬಸ್ಸಿಗೆ ಹೋದೆ, ಬೇರೆ ಯಾರನ್ನೂ ಕಾಣಲಿಲ್ಲ ಎಂದ. ಮುಚ್ಚಿಡಲಿಲ್ಲ, ತಡವರಿಸಲಿಲ್ಲ.

"ನಿಮ್ಮ ಮೇಲೆ ಅನುಮಾನ ಪಟ್ಟರೆ?"

"ಪಡಬೇಕು ಸಾರ್, ಅದು ನಿಮ್ಮ ಕೆಲಸ. ಆದ್ರೆ ಅದು ನನ್ನ ಊರು. ನನ್ನ ಮನೆಯೋರೂ ಅದೇ ಪಂಪಿನ ನೀರು ಕುಡಿಯೋದು."

ಹೇಳಿಕೆ ಬರೆಸಿಕೊಂಡು ಸಹಿ ಹಾಕಿಸಿದ್ದಾಯಿತು. ಸಹಿಯ ಕೆಳಗೆ ಅಶ್ವತ್ಥಪ್ಪ ಯಾರೂ ಹೇಳದೆ ತಾನಾಗಿ ತಾರೀಖು ಹಾಕಿದ. ಕೋದಂಡರಾಮಪ್ಪ ಅದನ್ನು ನೋಡಿದ. ತಾರೀಖು ಹಾಕುವ ಗುಮಾಸ್ತರು ಜಿಲ್ಲೆಯಲ್ಲಿ ಸಾವಿರ ಜನ ಇರುತ್ತಾರೆ.

ಮೇ 21, ಶನಿವಾರ, ನಾಗಲಕುಂಟೆಯಲ್ಲಿ ಸ್ಥಳ ಪಂಚನಾಮೆ. ನೀಲಿ ಪಂಪು ಅಶ್ವತ್ಥಪ್ಪನ ಮನೆಯಿಂದ ಹತ್ತು ಹೆಜ್ಜೆ. ಸುತ್ತ ಏಳೆಂಟು ಕೊಡಗಳ ಸಾಲು. ಮುನಿಗಂಗಮ್ಮ ಮಗುವನ್ನು ಸೊಂಟದಿಂದ ಇಳಿಸಿ ನಡೆಸಿ ತೋರಿಸಿದಳು. ಅದು ಬಾತುಕೋಳಿಯ ಹಾಗೆ ಎರಡು ಹೆಜ್ಜೆ ಇಟ್ಟು ಪಂಪಿನ ಕಟ್ಟೆ ಹಿಡಿದು ನಿಂತಿತು. ಕೋದಂಡರಾಮಪ್ಪ ಹೆಂಗಸರ ಕಡೆ ತಿರುಗಿದ. ನೀರು ಬೇಡವೆಂದು ಬಾಯಿಬಿಟ್ಟೇ ಹೇಳಿದ. ನೀಲಿ ಬಳಿದವ್ರೆ ಸರ್ಕಾರದೋರು, ಕೆಟ್ಟದ್ದಾಗಿದ್ರೆ ಬಳೀತಿದ್ರಾ, ಎಂದು ಹೆಂಗಸರು ಅವನಿಗೇ ತಿರುಗಿ ಹೇಳಿದರು.

ಅಷ್ಟರಲ್ಲಿ ಹುಣಿಸೆ ತೋಪಿನ ಕಡೆಯಿಂದ ಹುಡುಗಿಯೊಬ್ಬಳು ತಲೆಯ ಮೇಲೊಂದು, ಸೊಂಟದಲ್ಲೊಂದು ಬಿಂದಿಗೆ ಹೊತ್ತು ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಪಂಪನ್ನು ದಾಟಿ, ಹತ್ತು ಹೆಜ್ಜೆ ಹೋಗಿ, ಅಶ್ವತ್ಥಪ್ಪನ ಮನೆಯ ಹೊಸಿಲು ತುಳಿದಳು.

"ಅದು ಯಾರು?"

ಅಶ್ವತ್ಥಪ್ಪನ ಮಗಳು ಶಾಮಲ ಎಂದರು. ಮಾಲೂರಿನ ಕಡೆ ಲಕ್ಕೂರಿಗೆ ಮದುವೆ ಗೊತ್ತಾಗಿದೆ, ಅಧಿಕ ಮಾಸ ಕಳೆದು ಜೂನ್ 22ಕ್ಕೆ. ಕೋದಂಡರಾಮಪ್ಪ ಬಾಗಿಲಿಗೆ ಹೋಗಿ ನಿಂತ. ಅಪ್ಪ ಕೋಲಾರಕ್ಕೆ ಹೋಗಿದ್ದ.

"ನೀರು ಎಲ್ಲಿಂದಮ್ಮ?"

"ತೋಪಿನ ಬಾವಿಯಿಂದ."

"ಒಂದು ಮೈಲಿ ಆಗುತ್ತಲ್ಲ. ಪಂಪು ಇಲ್ಲೇ ಇದೆ."

"ಅಪ್ಪ ಬ್ಯಾಡ ಅಂದವ್ರೆ ಸಾರ್. ಉಗಾದಿಗೆ ಮುಂಚಿಂದ. ಯಾಕೆ ಅಂದ್ರೆ ಬೈತಾರೆ."

ದಾರಿಯಲ್ಲಿ ಜೀಪಿನೊಳಗೆ ಕೋದಂಡರಾಮಪ್ಪ ಅಶ್ವತ್ಥಪ್ಪನ ಹೇಳಿಕೆಯನ್ನು ಮೆಲುಕು ಹಾಕಿದ. ಮನೆಯವರೂ ಅದೇ ನೀರು ಕುಡಿಯುತ್ತಾರೆಂದು ಸಹಿ ಹಾಕಿದವನ ಮನೆಯೊಂದು ಬಿಟ್ಟು ಊರೆಲ್ಲ ಅದೇ ನೀರು ಕುಡಿಯುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಕಣ್ಣಿಗೆ ಕಂಡಿತ್ತು. ಆದರೆ ದೂರದಿಂದ ನೀರು ತರುವುದು ಅಪರಾಧವಲ್ಲ. ನ್ಯಾಯಾಲಯ ನಗುತ್ತದೆ. ಆ ಒಂದು ಸಾಲನ್ನು ಬರೆದ ಕೈ ಬೇಕು.

"ಕಟ್ಟು ಅಂದ್ರೆ ಏನು ಸಾರ್?" ಎಂದ ಕದಿರೇಶ. "ಮೇಡಂ ಡೈರೆಕ್ಟರಿ ಅಂತಾರೆ, ಭಾರತಮ್ಮ ಕೆಂಪು ಕಡೆ ಅಂದ್ಲು. ಕಟ್ಟು ಅಂತ ಯಾರೂ ಅನ್ನಲಿಲ್ಲ."

ಕೋದಂಡರಾಮಪ್ಪ ಜೀಪು ನಿಲ್ಲಿಸಲು ಹೇಳಿ ಅವನ ಮುಖ ನೋಡಿದ.

ಸೋಮವಾರ, ಮೇ 23, ಇಬ್ಬರೂ ಶ್ರೀನಿವಾಸಪುರ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿದ್ದರು. ಸೂರಿನವರೆಗೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಕಡತಗಳ ಕಟ್ಟುಗಳು. ಈಗಿನ ರೆಕಾರ್ಡ್ ಕೀಪರ್ ಕದಿರಪ್ಪ ಅಶ್ವತ್ಥಪ್ಪನ ಕೈಕೆಳಗೆ ಕೆಲಸ ಕಲಿತವನು, ಗುರುವಿನ ಹೆಸರು ಬಂದರೆ ಎದ್ದು ನಿಲ್ಲುವಷ್ಟು ಭಕ್ತಿ. ಕಡತ ಒಂದು ಕಟ್ಟಿನಿಂದ ಇನ್ನೊಂದಕ್ಕೆ ಹೋದರೆ ಏನು ಮಾಡುತ್ತೀರಿ ಎಂದು ಕೋದಂಡರಾಮಪ್ಪ ಕೇಳಿದ.

"ಅದೇ ಹೆಸರಿನ ಚೀಟಿ ಆ ಜಾಗದಲ್ಲಿ ಇಡಬೇಕು ಸಾರ್. ಎಲ್ಲಿಗೆ ಹೋಯ್ತು, ಯಾವತ್ತು ಅಂತ. ನಮ್ಮ ಅಶ್ವತ್ಥಪ್ಪನೋರು ಚೀಟಿ ಇಡದೆ ಊಟಕ್ಕೂ ಎದ್ದೋರಲ್ಲ."

ಕದಿರಪ್ಪ ಹೆಮ್ಮೆಯಿಂದ ಒಂದು ಕಟ್ಟು ಬಿಚ್ಚಿ ತೋರಿಸಿದ. ತೆಗೆದ ಕಡತದ ಜಾಗದಲ್ಲಿ ಹಳದಿಯಾದ ಚೀಟಿ, ದುಂಡಕ್ಷರ: 'ಸಿ ಕಟ್ಟು. 9-11-79.' ಇನ್ನೊಂದು: 'ಬಿ ಕಟ್ಟು. 4-7-81.' ಮಾತು ಕಡಿಮೆ, ತಾರೀಖು ಖಂಡಿತ. ಕದಿರಪ್ಪ ಇನ್ನೂ ಒಂದು ಮಾತು ಸೇರಿಸಿದ. ಕಚೇರಿಗಳಲ್ಲಿ ಯಾರಿಗಾದರೂ ಕಡತ ಸಿಗಬಾರದು ಅಂದರೆ ಅದನ್ನು ಹರಿಯುವುದಿಲ್ಲ, ತಿದ್ದುವುದಿಲ್ಲ, ಬೇರೆ ಕಟ್ಟಿನಲ್ಲಿ ಕಟ್ಟಿಬಿಡುತ್ತಾರೆ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಕೋದಂಡರಾಮಪ್ಪ ಅಂಥ ಮೂರು ಚೀಟಿಗಳನ್ನು ಪಂಚರ ಎದುರು ವಶಕ್ಕೆ ತೆಗೆದುಕೊಂಡಾಗ ಆ ಬಡಪಾಯಿಯ ಮುಖ ಕಪ್ಪಿಟ್ಟಿತು.

ಮಂಗಳವಾರ, ಮೇ 24, ಹನ್ನೊಂದು ಗಂಟೆ. ಅಶ್ವತ್ಥಪ್ಪ ಎಂದಿನಂತೆ ಮೇಡಮ್ಮನವರ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಕಾಫಿ ಕುಡಿಯುತ್ತಿದ್ದ. ಕೋದಂಡರಾಮಪ್ಪ ಚೀಟಿಗಳನ್ನು ಕೀಬೋರ್ಡಿನ ಪಕ್ಕ ಸಾಲಾಗಿ ಇಟ್ಟ. ಅಶ್ವತ್ಥಪ್ಪ ಅವನ್ನು ನೋಡಿ, ಮೊದಲು ಒಂದನ್ನು ಓರೆಯಾಗಿದ್ದುದರಿಂದ ನೇರ ಮಾಡಿದ. ಆಮೇಲೆ ಲೋಟ ಕೆಳಗಿಟ್ಟ.

"ಅಂಕಿ ಯಾಕೆ ತಿದ್ದಲಿಲ್ಲ?"

"ಕಡತದೊಳಗೆ ಕೈ ಹಾಕಿದೋನಲ್ಲ ಸಾರ್ ನಾನು. ಮೂವತ್ನಾಲ್ಕು ವರ್ಷ ಒಂದಕ್ಷರ ತಿದ್ದಿಲ್ಲ."

"ಚೀಟಿ ಯಾಕಿಟ್ಟೆ?"

"ವಾಪಸ್ ಇಡೋದಿತ್ತಲ್ಲ. ಮದುವೆ ಆದ ಮಾರನೇ ದಿನ ಇಟ್ಟು, ತಪ್ಪಾಗಿತ್ತು ಅಂತ ಅಮ್ಮೋರಿಗೆ ಹೇಳೋನಿದ್ದೆ."

ಉಳಿದದ್ದನ್ನು ಅವನು ತಲೆಯೆತ್ತದೆ ಹೇಳಿದ. ಶಾಮಲಳಿಗೆ ಎರಡು ಸಂಬಂಧ ಬಂದು ಮುರಿದಿದ್ದವು. ಹುಡುಗಿಯ ಹಲ್ಲು ಚೆನ್ನಾಗಿಯೇ ಇದೆ, ಆದರೆ ಊರಿನ ನೀರು ಸರಿಯಿಲ್ಲವಂತೆ, ನಾಳೆ ಮಕ್ಕಳಾದರೆ ಹೇಗೋ ಎಂದಿದ್ದರು. ಬರೀ ಗಾಳಿಮಾತಿಗೇ ಹೀಗಾದರೆ ಸರ್ಕಾರವೇ ಕೆಂಪು ಬಳಿದ ಮೇಲೆ ಗತಿಯೇನು? ಲಕ್ಕೂರಿನವರು ವೈಶಾಖದಲ್ಲೇ ಲಗ್ನ ಎಂದಿದ್ದರು; ಏಪ್ರಿಲ್ ಮುಗಿಯುವುದರೊಳಗೆ ಎಲ್ಲ ಸರಿಹೋಗುತ್ತಿತ್ತು. ಗಂಡಿನ ಮನೆಯಲ್ಲಿ ಅಜ್ಜಿ ತೀರಿಕೊಂಡು ಸೂತಕ ಬಂತು, ಹಿಂದೆಯೇ ಅಧಿಕ ಮಾಸ ಬಂತು.

"ಮಗಳಿಗೆ ತೋಪಿನ ಬಾವಿ ತೋರಿಸ್ದೆ. ಮುನಿಗಂಗಮ್ಮನ ಮಗೂಗೆ?"

ಅಶ್ವತ್ಥಪ್ಪ ಚೀಟಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟ. ಆಮೇಲೆ ಅಳತೊಡಗಿದ. ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ ವೆಂಕಟರತ್ನಮ್ಮನವರು, "ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಅಶ್ವತ್ಥಪ್ಪನೋರೇ" ಎಂದಷ್ಟೇ ಹೇಳಿ ಒಳಗೆ ಹೋದರು. ಹನ್ನೊಂದು ನಲವತ್ತಕ್ಕೆ ದಸ್ತಗಿರಿ. ಜಾಮೀನು ಸಿಗುವ ಸೆಕ್ಷನ್ ಆದ್ದರಿಂದ ಸಂಜೆ ಠಾಣೆಯಲ್ಲೇ ಬಿಟ್ಟದ್ದಾಯಿತು. ಲಕ್ಕೂರಿಗೆ ಸುದ್ದಿ ಅದಕ್ಕೂ ಮೊದಲೇ ಹೋಗಿತ್ತು.

ಮೇ 25ರ ಬೆಳಿಗ್ಗೆ ವರದಿಯ ಕರಡು ಮೇಜಿನ ಮೇಲಿತ್ತು. ಸಹಿ ಹಾಕಿ ಕಳಿಸಿದರೆ ನಾಗಲಕುಂಟೆ ಪಟ್ಟಿಗೆ ಸೇರುತ್ತದೆ, ಪಂಪಿಗೆ ಕೆಂಪು ಬಣ್ಣ ಬೀಳುತ್ತದೆ, ನೀರೂ ಬರುತ್ತದೆ. ಒಂಬತ್ತೂವರೆಗೆ ನಾಗಲಕುಂಟೆಯ ಹೆಂಗಸರು ಹನ್ನೆರಡು ಜನ ಮೊದಲ ಬಸ್ಸಿಗೆ ಬಂದಿಳಿದರು. ಅಶ್ವತ್ಥಪ್ಪನಿಗೆ ಶಿಕ್ಷೆ ಕೊಡಿಸಿ ಎನ್ನಲು ಬಂದಿದ್ದಾರೆಂದುಕೊಂಡು ಕೋದಂಡರಾಮಪ್ಪ ಒಳಗೆ ಕರೆಸಿದ. ಮುಂದೆ ಮುನಿಗಂಗಮ್ಮ, ಸೊಂಟದಲ್ಲಿ ಅದೇ ಮಗು.

"ಸಾರ್, ಆ ಕೆಂಪು ಬಣ್ಣನ ಮೂರು ತಿಂಗಳು ತಡೀರಿ," ಎಂದಳು ಅವಳು. "ನೀರು ನಾವು ತೋಪಿನ ಬಾವಿಯಿಂದ್ಲೇ ತಂದ್ಕೋತೀವಿ. ಯಾರ್ಗೂ ಹೇಳಲ್ಲ."

"ನಿನ್ನ ಮಗೂ ಕಾಲು ನೋಡಮ್ಮ."

"ನೋಡ್ತಾನೇ ಇದೀನಿ ಸಾರ್. ದೊಡ್ಡೋಳಿಗೆ ಹತ್ತೊಂಬತ್ತು. ಆಷಾಢ ಕಳೆದ್ರೆ ನೋಡೋಕೆ ಬರ್ತಾರೆ. ಏಂ ಚೇಸೇದಿ, ಏನ್ ಮಾಡೋದು?"

ಹಿಂದೆ ನಿಂತ ಒಬ್ಬೊಬ್ಬರ ಮನೆಯಲ್ಲೂ ಮದುವೆಗೆ ಬಂದ ಒಬ್ಬೊಬ್ಬಳು ಇದ್ದಳೆಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಒಬ್ಬನನ್ನು ಹಿಡಿದೆನೆಂದು ಬೀಗುತ್ತಿದ್ದ ಕೋದಂಡರಾಮಪ್ಪ ಪೆನ್ನಿನ ಮುಚ್ಚಳ ತೆಗೆದ. ಆಗಲ್ಲ ತಾಯಿ, 31 ದಾಟಿದರೆ ಕೊಳವೆ ನೀರು ನಿಮ್ಮ ಊರಿಗೆ ಮತ್ತೆ ಬರಲ್ಲ, ಎಂದು ಮೆಲ್ಲಗೆ ಹೇಳಿ, ಅವರ ಎದುರಿಗೇ ಸಹಿ ಹಾಕಿದ. ಕದಿರೇಶ ವರದಿಯನ್ನು ತಾಲ್ಲೂಕು ಕಚೇರಿಗೆ ತೆಗೆದುಕೊಂಡು ಹೋದ. ಹೆಂಗಸರು ಅಳಲಿಲ್ಲ, ಬೈಯಲಿಲ್ಲ, ಬಸ್ಸಿನ ಹೊತ್ತು ಕೇಳಿಕೊಂಡು ಹೊರಟರು.

ಕೊನೆಯಲ್ಲಿ ಮುನಿಗಂಗಮ್ಮ ಬಾಗಿಲಲ್ಲಿ ತಿರುಗಿ, ಬುದ್ಧಿಯಿಲ್ಲದೆ ಕೇಳುತ್ತಿದ್ದೇನೆ, ಬಣ್ಣ ನೋಡಿ ಹೆಣ್ಣು ಬೇಡ ಅನ್ನುವವರು ಯಾರು ಸಾರ್, ಅವರ ಮೇಲೆ ಕೇಸು ಹಾಕಲು ಆಗುವುದಿಲ್ಲವೇ, ಎಂದಳು. ಕೋದಂಡರಾಮಪ್ಪ ಮೇಜಿನ ಮೇಲಿನ ಎಫ್‌ಐಆರ್ ಪುಸ್ತಕ ಮುಚ್ಚಿದ. ಹೋದ ವರ್ಷ ಶ್ರೀನಿವಾಸಪುರದ ಕಡೆಯಿಂದ ಅವನ ಮಗನಿಗೊಂದು ಸಂಬಂಧ ಬಂದಿತ್ತು. ತಟ್ಟೆ ಹಿಡಿದು ಬಂದ ಹುಡುಗಿ ನಕ್ಕಾಗ ಕಂದು ಹಲ್ಲು ಕಂಡಿತ್ತು. ಹೆಂಡತಿ ಒಪ್ಪಿದ್ದಳು, ಮಗನೂ ಒಪ್ಪಿದ್ದ. ಬೇಡವೆಂದು ಎದ್ದು ಬಂದವನು ಕೋದಂಡರಾಮಪ್ಪನೇ. ಆ ಹುಡುಗಿಯ ಹೆಸರೂ ಈಗ ಅವನಿಗೆ ನೆನಪಾಗಲಿಲ್ಲ.